ಸಾಸವಡದ ಬಯಲಿನಲ್ಲಿ ಸಸಿ ನೆಡಬೇಕಾ, ಬೇಡವಾ?

ಪ್ರಶ್ನೆ: ನಾನು ಧಾರವಾಡದವನು. ಕೆಲಸಕ್ಕೆಂದು ಪುಣೆಗೆ ಬಂದು ವಾರ್ಜೆಯಲ್ಲಿ ನೆಲೆಸಿದ್ದೇನೆ. ನಮ್ಮ ಕನ್ನಡ ಗೆಳೆಯರ ಗುಂಪು ಪ್ರತಿ ಮಳೆಗಾಲದಲ್ಲೂ ಊರ ಹೊರಗಿನ ಬೋಳು ಗುಡ್ಡಗಳಿಗೆ ಹೋಗಿ ಸಸಿ ನೆಡುತ್ತದೆ. ಈ ಸಲ ಸಾಸವಡದ ಕಡೆ ಒಂದು ಬಯಲಿಗೆ ಹೋಗಿದ್ದೆವು. ಅಲ್ಲಿ ಸಿಕ್ಕ ಒಬ್ಬ ವಿದ್ಯಾರ್ಥಿನಿ, 'ಇದು ಕಾಡಲ್ಲ, ಹುಲ್ಲುಗಾವಲು. ಗಿಡ ನೆಟ್ಟು ಹಾಳು ಮಾಡಬೇಡಿ' ಎಂದಳು. ಹಳೆಯ ಮರಾಠಿ ಹಾಡುಗಳಲ್ಲೇ ಇದಕ್ಕೆ ಸಾಕ್ಷಿ ಸಿಕ್ಕಿದೆಯಂತೆ. ಗಿಡ ನೆಡುವುದೂ ತಪ್ಪಾಗುತ್ತದಾ? ಹಿಂದೆ ಇಲ್ಲೆಲ್ಲ ದಟ್ಟ ಕಾಡಿತ್ತು, ಜನ ಕಡಿದು ಬೋಳು ಮಾಡಿದರು ಅಂತಲ್ಲವೇ ನಾವು ಶಾಲೆಯಲ್ಲಿ ಓದಿದ್ದು?

ಉತ್ತರ: ನಮಸ್ಕಾರ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಆ ಹುಡುಗಿ ಹೇಳಿದ್ದು ಸರಿ. ಸಾಸವಡ, ಜೇಜುರಿ, ಸುಪೆ, ಬಾರಾಮತಿ ಕಡೆಯ ಬಯಲು ಕಡಿದು ಹಾಳಾದ ಕಾಡಲ್ಲ. ಅದು ಸವನ್ನಾ. ನೆಲದ ತುಂಬ ಹುಲ್ಲು, ನಡುನಡುವೆ ಅಲ್ಲೊಂದು ಇಲ್ಲೊಂದು ಮುಳ್ಳಿನ ಮರ. ಟೀವಿಯಲ್ಲಿ ಆಫ್ರಿಕಾ ತೋರಿಸುವಾಗ ಸಿಂಹ ಮಲಗಿರುವ ಜಾಗ ನೋಡಿದ್ದೀರಲ್ಲ, ಅದೇ ಜಾತಿಯದು. ಇಲ್ಲಿ ಸಿಂಹ ಇಲ್ಲ, ತೋಳ ಇದೆ. ಹೀಗೆಂದ ಮಾತ್ರಕ್ಕೆ ನಿಮ್ಮ ಗುಂಪು ಸಸಿ ನೆಡುವುದನ್ನೇ ಬಿಡಬೇಕಿಲ್ಲ. ಜಾಗ ಬದಲಿಸಬೇಕು. ಎಲ್ಲಿಗೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ಹಾಡುಗಳ ವಿಷಯ.

ಆಕೆ ಹೇಳಿದ ಅಧ್ಯಯನ ಬಂದದ್ದು 2025ರಲ್ಲಿ. ಮಾಡಿದವರು ಇಬ್ಬರು. ಪುಣೆಯವರೇ ಆದ, ಈಗ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿರುವ ಸಸ್ಯವಿಜ್ಞಾನಿ ಆಶಿಷ್ ನೆರ್ಲೇಕರ್ ಮತ್ತು ಪುಣೆಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್‌ನ ದಿಗ್ವಿಜಯ ಪಾಟೀಲ್. ಬ್ರಿಟಿಷ್ ಇಕಾಲಜಿಕಲ್ ಸೊಸೈಟಿಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅವರು ಮಾಡಿದ ಕೆಲಸ ಕೇಳಲು ಸರಳ. ಪಶ್ಚಿಮ ಮಹಾರಾಷ್ಟ್ರದ ಬಗ್ಗೆ 13ನೇ ಶತಮಾನದಿಂದ 20ನೇ ಶತಮಾನದವರೆಗಿನ ಮರಾಠಿ ಕಥೆ, ಚರಿತ್ರೆ, ಹಾಡುಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಯಾವ ಜಾಗದಲ್ಲಿ ಯಾವ ಕಾಡುಗಿಡದ ಹೆಸರು ಬರುತ್ತದೆ ಎಂದು ಹುಡುಕಿದರು. 44 ಜಾತಿಯ ಗಿಡಮರಗಳು ಸಿಕ್ಕವು. ಪ್ರತಿಯೊಂದೂ ಎಂಥ ಜಾಗದಲ್ಲಿ ಬೆಳೆಯುವಂಥದ್ದು ಎಂದು ವಿಂಗಡಿಸಿದರು. 27 ಜಾತಿಗಳು ಬಯಲಿಗೇ ಹೇಳಿ ಮಾಡಿಸಿದವು. 14 ಎಲ್ಲಿ ಬೇಕಾದರೂ ಬೆಳೆಯುವಂಥವು. ದಟ್ಟ ಕಾಡಿನವು ಎನ್ನಬಹುದಾದದ್ದು ಬರೀ 3.

ಇಲ್ಲೆಲ್ಲ ಹಿಂದೆ ಕಾಡೇ ಇದ್ದಿದ್ದರೆ ಈ ಲೆಕ್ಕ ತಿರುಗಾಮುರುಗಾ ಆಗಬೇಕಿತ್ತು, ಅಲ್ವಾ? ನೆರಳಲ್ಲಿ ಬೆಳೆಯುವ ಮರಗಳ ಹೆಸರು ಜಾಸ್ತಿ ಬರಬೇಕಿತ್ತು. ಬಂದದ್ದು ಜಾಲಿಯಂಥ ಮುಳ್ಳಿನ ಮರಗಳು. ಈ ಆಧಾರದ ಮೇಲೆ ಅವರು ಹೇಳುವುದು ಇಷ್ಟು: ಕಡಿಮೆಯೆಂದರೂ 750 ವರ್ಷಗಳಿಂದ ಈ ನೆಲ ಹೆಚ್ಚುಕಡಿಮೆ ಹೀಗೇ ಇದೆ.

ಒಂದು ಗಿಡದ ಉದಾಹರಣೆ ಕೊಡುತ್ತೇನೆ. ನೀವು ಪಂಢರಪುರಕ್ಕೆ ಹೋಗಿರುತ್ತೀರಿ. ಸಂತ ಕಾನ್ಹೋಪಾತ್ರಾಳ ಕಥೆಯೂ ಗೊತ್ತಿರಬಹುದು. ಬೀದರಿನ ಬಾದಶಹನ ಕಡೆಯವರು ಹಿಡಿದೊಯ್ಯಲು ಬಂದಾಗ ಆಕೆ ವಿಠ್ಠಲನ ಪಾದದಲ್ಲೇ ಪ್ರಾಣ ಬಿಟ್ಟಳು, ಆಕೆಯನ್ನು ಹೂತ ಜಾಗದಲ್ಲಿ ಒಂದು ತರಟಿ ಮರ ಹುಟ್ಟಿತು ಎಂದು ಕಥೆ. ತರಟಿ ಅಂದರೆ ಮುಳ್ಳಿನ ಕುರುಚಲು ಮರ. ಒಣ ಬಯಲಲ್ಲಿ, ಬಿಸಿಲಿಗೆ ಮೈಯೊಡ್ಡಿ ಬೆಳೆಯುವಂಥದ್ದು. ದಟ್ಟ ಕಾಡಿನ ನೆರಳಲ್ಲಿ ಅದಕ್ಕೆ ಬಾಳಿಲ್ಲ. ಕಥೆಯಲ್ಲಿನ ಪವಾಡ ಎಷ್ಟು ನಿಜ ಅನ್ನುವುದು ಭಕ್ತರಿಗೆ ಬಿಟ್ಟದ್ದು. ನನಗೆ ಮುಖ್ಯವಾದದ್ದು ಬೇರೆ. ಆ ಕಥೆ ಹೇಳಿದವರ ಕಣ್ಣಮುಂದೆ ಇದ್ದದ್ದು ತರಟಿ. ದೇವರ ಅಂಗಳಕ್ಕೆ ಒಂದು ಮರ ಬೇಕಾದಾಗ ಅವರಿಗೆ ಹೊಳೆದದ್ದು ಆ ಮುಳ್ಳುಗಿಡವೇ.

ಇಲ್ಲಿ ನೀವು ಒಂದು ಅನುಮಾನ ಎತ್ತಬಹುದು. ಕವಿಗಳ ಮಾತನ್ನು ನಂಬುವುದು ಹೇಗೆ? ನ್ಯಾಯವಾದ ಪ್ರಶ್ನೆ. ನಮ್ಮ ಹಳಗನ್ನಡ ಕವಿಗಳನ್ನೇ ನೋಡಿ. ವನವರ್ಣನೆ ಶುರುವಾಯಿತೆಂದರೆ ಒಂದೇ ಉಸಿರಿಗೆ ಮಾವು, ಸಂಪಿಗೆ, ಅಶೋಕ, ಪಾದರಿ ಎಲ್ಲ ಬರುತ್ತವೆ. ಅವೆಲ್ಲ ಆ ಊರಲ್ಲಿ ಇದ್ದವೇ ಎಂದು ಕೇಳುವಂತಿಲ್ಲ. ಆದರೆ ಸಂತರ ಚರಿತ್ರೆ, ಕುರಿಗಾಹಿಗಳ ಹಾಡು ಬೇರೆ ಥರ. ಅಲ್ಲಿ ಊರಿನ ಹೆಸರು, ಹಳ್ಳದ ಹೆಸರು ಇರುತ್ತದೆ. ಇಂಥ ಊರ ಹೊರಗೆ ಇಂಥ ಮರದ ಕೆಳಗೆ ಕೂತರು ಎಂದಿರುತ್ತದೆ. ಮರ ಅಲ್ಲಿ ಅಲಂಕಾರಕ್ಕೆ ಬಂದಿರುವುದಿಲ್ಲ, ಗುರುತಿಗೆ ಬಂದಿರುತ್ತದೆ. ಹಾಗಾಗಿ ನನಗೆ ಈ ವಿಧಾನದ ಮೇಲೆ ವಿಶ್ವಾಸ ಇದೆ. ಆದರೂ ಇದೊಂದೇ ಸಾಕ್ಷಿಯಾಗಿದ್ದರೆ ನಾನು ಇಷ್ಟು ಧೈರ್ಯವಾಗಿ ಉತ್ತರ ಬರೆಯುತ್ತಿರಲಿಲ್ಲ.

ಬೇರೆ ಸಾಕ್ಷಿಗಳೂ ಇವೆ. ಪುಣೆ ಜಿಲ್ಲೆಯಲ್ಲೇ, ಘೋಡ್ ನದಿಯ ದಂಡೆಯಲ್ಲಿ ಇನಾಮಗಾಂವ್ ಎಂಬ ಊರಿದೆ. ಡೆಕ್ಕನ್ ಕಾಲೇಜಿನವರು 1968ರಿಂದ ಅಲ್ಲಿ ವರ್ಷಗಟ್ಟಲೆ ಉತ್ಖನನ ಮಾಡಿದರು. ಮೂರು ಸಾವಿರ ವರ್ಷಕ್ಕೂ ಹಿಂದಿನ ರೈತರ ಹಳ್ಳಿ ಅದು. ಅಲ್ಲಿ ಸಿಕ್ಕ ಕಾಡುಪ್ರಾಣಿಗಳ ಮೂಳೆಗಳಲ್ಲಿ ಕೃಷ್ಣಮೃಗದವೂ ಇವೆ. ಕೃಷ್ಣಮೃಗ ಕಾಡಿನೊಳಗೆ ಬದುಕುವ ಪ್ರಾಣಿಯಲ್ಲ. ಅದಕ್ಕೆ ಓಡಲು ಬಯಲು ಬೇಕು. ರಾಣೆಬೆನ್ನೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಗೋದಾವರಿ ಸಮುದ್ರ ಸೇರುವಲ್ಲಿ ಕಡಲತಳದ ಕೆಸರನ್ನು ಕೊರೆದು ತೆಗೆದು ನೋಡಿದ್ದಾರೆ. ಸಾವಿರಾರು ವರ್ಷಗಳಿಂದ ಆ ನದಿ ಹೊತ್ತು ತಂದ ಎಲೆಗಳ ಮೇಣ ಆ ಕೆಸರಲ್ಲಿ ಪದರ ಪದರವಾಗಿ ಕೂತಿರುತ್ತದೆ. ಅದನ್ನು ನೋಡಿದರೆ ಎಂಥ ಗಿಡಗಳ ಎಲೆ ಎಂದು ಹೇಳಬಹುದು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸುಮಾರು 4,000 ವರ್ಷಗಳ ಹಿಂದಿನಿಂದ ದಖ್ಖನ್ನಿನ ನೆಲ ಒಣಗುತ್ತ ಬಂತು. 1,700 ವರ್ಷಗಳ ಹಿಂದಿನ ಹೊತ್ತಿಗೆ ಒಣನೆಲದ ಗಿಡಗಳು ಚೆನ್ನಾಗಿ ಹಬ್ಬಿದ್ದವು. ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರದ ಕೆಸರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ದೀರ್ಘ ಬರ ಬಂದಿತ್ತು ಎನ್ನುತ್ತದೆ. ಅಂದರೆ ಕೊಡಲಿಗಿಂತ ಮೊದಲು ಮಳೆಯೇ ಈ ನೆಲದ ಸ್ವರೂಪ ನಿರ್ಧರಿಸಿತ್ತು.

ಹುಲ್ಲಿನ ವಯಸ್ಸು ಇದಕ್ಕಿಂತ ಎಷ್ಟೋ ದೊಡ್ಡದು. ಇಲ್ಲಿ ಬೆಳೆಯುವ ಹುಲ್ಲುಗಳಲ್ಲಿ ಹೆಚ್ಚಿನವು ಸಿ-4 ಎಂಬ ಗುಂಪಿನವು. ಜೋಳ, ಸಜ್ಜೆ, ರಾಗಿ, ಕಬ್ಬು ಕೂಡ ಇದೇ ಗುಂಪಿಗೆ ಸೇರಿದವು. ಬಿಸಿಲು ಜಾಸ್ತಿ, ನೀರು ಕಡಿಮೆ ಇದ್ದರೂ ಚೆನ್ನಾಗಿ ಆಹಾರ ತಯಾರಿಸಿಕೊಳ್ಳುವ ಏರ್ಪಾಡು ಇವುಗಳ ಎಲೆಯಲ್ಲಿದೆ. ನೆರಳು ಮಾತ್ರ ಆಗಿಬರುವುದಿಲ್ಲ. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣಿನಲ್ಲಿ ಈ ಹುಲ್ಲುಗಳ ಗುರುತು ಸಿಗುತ್ತದೆ. ಅಲ್ಲಿ ಅವು ಹಬ್ಬಲು ಶುರುವಾದದ್ದು ಸುಮಾರು 80 ಲಕ್ಷ ವರ್ಷಗಳ ಹಿಂದೆ. ಆಗ ಮರ ಕಡಿಯಲು ಮನುಷ್ಯನೇ ಹುಟ್ಟಿರಲಿಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿರುವ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಅವರ ಜೊತೆಗಾರರು 2016ರಲ್ಲೇ ಏಷ್ಯಾದ ಸವನ್ನಾಗಳು ಬಹಳ ಹಳೆಯವು, ಅವನ್ನು ಕೆಟ್ಟುಹೋದ ಕಾಡು ಎಂದು ಕರೆಯುವುದು ತಪ್ಪು ಎಂದು ವಿವರವಾಗಿ ಬರೆದರು. ನಮ್ಮ ಅರಣ್ಯ ನೀತಿ ಅದನ್ನು ಓದಿದಂತೆ ಕಾಣುವುದಿಲ್ಲ.

ಹಾಗಾದರೆ ಜನರ ಪಾತ್ರ ಏನೂ ಇಲ್ಲವೇ? ಇದೆ. ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳನ್ನು ನೆನಪಿಸಿಕೊಳ್ಳಿ. ಹೊಸ ಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟ ಗುಡ್ಡೆಗಳು ಅವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆಯೇ ದಖ್ಖನ್ನಿನಲ್ಲಿ ದೊಡ್ಡ ದೊಡ್ಡ ದನದ ಮಂದೆಗಳಿದ್ದವು. ಮಂದೆ ಇದ್ದಲ್ಲಿ ಮೇವು ಇರಲೇಬೇಕು. ನಮ್ಮ ವೀರಗಲ್ಲುಗಳಲ್ಲಿ ಎಷ್ಟೊಂದು ತುರುಗೋಳಿನವು! ತುರು ಹಿಡಿದವರ ಮೇಲೆ ಬಿದ್ದು ಸತ್ತ ವೀರರ ಕಲ್ಲುಗಳು ಉತ್ತರ ಕರ್ನಾಟಕದ ಊರೂರಲ್ಲೂ ಸಿಗುತ್ತವೆ. ದನಕ್ಕಾಗಿ ಜೀವ ಕೊಡುತ್ತಿದ್ದ ನಾಡು ಹುಲ್ಲಿನ ನಾಡೇ ಆಗಿರಬೇಕು. ಮೇಯಿಸುವುದು, ಬೆಂಕಿ, ಸೌದೆ ಎಲ್ಲ ಸೇರಿ ಅಲ್ಲಲ್ಲಿ ಮರ ಕಡಿಮೆಯಾಗಿರಬಹುದು. ಆದರೆ ದಟ್ಟ ಕಾಡನ್ನು ಕಡಿದು ಕಡಿದು ಸವನ್ನಾ ಮಾಡಿದರು ಅನ್ನುವ ಕಥೆ ಈ ಸಾಕ್ಷಿಗಳ ಮುಂದೆ ನಿಲ್ಲುವುದಿಲ್ಲ.

ಇದು ನಮಗೆ ದೂರದ ಸಂಗತಿಯೇನಲ್ಲ. ಜೇಜುರಿಯ ಖಂಡೋಬಾ ನಮ್ಮ ಮೈಲಾರಲಿಂಗನೇ. ಇಲ್ಲಿನ ಕುರಿಗಾಹಿಗಳಾದ ಧನಗರರ ಬಿರೋಬಾ ನಮ್ಮ ಕುರುಬರ ಬೀರಪ್ಪನೇ. ಮಾಳವೇ ಈ ದೇವರುಗಳ ಮನೆ. ಬಾರಾಮತಿ, ಫಲಟಣ್ ಕಡೆಯ ಧನಗರರು ಇಂದಿಗೂ ದೀಪಾವಳಿ ಹೊತ್ತಿಗೆ ಕುರಿ ಹೊಡೆದುಕೊಂಡು ಘಟ್ಟ ಇಳಿದು ಕೊಂಕಣಕ್ಕೆ ಹೋಗುತ್ತಾರೆ. ಗದ್ದೆಗಳಲ್ಲಿ ಕುರಿ ತರುಬಿ, ಗೊಬ್ಬರಕ್ಕೆ ಬದಲಾಗಿ ಕಾಳುಕಡಿ ಅಥವಾ ಹಣ ಪಡೆಯುತ್ತಾರೆ. ಮಳೆ ಹಿಡಿಯುವ ಮುಂಚೆ ವಾಪಸ್ ಬಯಲಿಗೆ ಬರುತ್ತಾರೆ. ಆ ಬಯಲಲ್ಲಿ ಬೇಲಿ ಹಾಕಿ, ಸಸಿ ನೆಟ್ಟು, 'ಮೇಯಿಸಬಾರದು' ಎಂದು ಬೋರ್ಡು ಹಾಕಿದರೆ ಮೊದಲ ಪೆಟ್ಟು ಅವರಿಗೆ.

ಹಾಗಾದರೆ 'ಹಿಂದೆ ಇಲ್ಲೆಲ್ಲ ಕಾಡಿತ್ತು' ಅನ್ನುವುದು ನಮ್ಮ ತಲೆಗೆ ಹೇಗೆ ಬಂತು? ಬ್ರಿಟಿಷರ ಅರಣ್ಯ ಇಲಾಖೆಗೆ ಬೇಕಾಗಿದ್ದದ್ದು ದಿಮ್ಮಿ. ರೈಲುಹಳಿಯ ಕೆಳಗೆ ಹಾಕಲು, ಹಡಗು ಕಟ್ಟಲು ಮರ ಬೇಕು. ಮರ ಕೊಡದ, ಕಂದಾಯವೂ ಬಾರದ ನೆಲ ಅವರ ಲೆಕ್ಕದಲ್ಲಿ ಪಾಳು. ಸ್ವಾತಂತ್ರ್ಯ ಬಂದರೂ ಆ ಲೆಕ್ಕ ಹಾಗೇ ಉಳಿಯಿತು. ಸರ್ಕಾರದ ಬಂಜರು ಭೂಮಿ ನಕ್ಷೆಯಲ್ಲಿ ಇಂದಿಗೂ ಇಂಥ ಬಯಲುಗಳು ಸೇರಿಕೊಂಡಿವೆ. ಬಂಜರು ಎಂದು ಒಮ್ಮೆ ಬರೆದರೆ ಅಲ್ಲಿ ಏನು ಮಾಡಿದರೂ ನಡೆಯುತ್ತದೆ. ಸೋಲಾರ್ ಪಾರ್ಕು, ಕಾರ್ಖಾನೆ, ಇಲ್ಲವೇ ಗಿಡ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹಂಚಿಹೋದ ಕಥೆ ನಿಮಗೆ ಗೊತ್ತೇ ಇದೆ.

ಎಂ. ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಎಂಬ ಇಬ್ಬರು ವಿಜ್ಞಾನಿಗಳು ಉಪಗ್ರಹ ಚಿತ್ರ ಬಳಸಿ ದೇಶದ ಒಣಪ್ರದೇಶಗಳ ಇಂಥ ಬಯಲುಗಳ ನಕ್ಷೆ ಮಾಡಿದ್ದಾರೆ. ದೇಶದ ನೆಲದ ಸುಮಾರು 10 ಪಾಲಿನಲ್ಲಿ 1 ಪಾಲು ಇಂಥದ್ದೇ. ಅದರಲ್ಲಿ ಅಭಯಾರಣ್ಯದಂಥ ರಕ್ಷಣೆ ಸಿಕ್ಕಿರುವುದು ಶೇ. 5ಕ್ಕೂ ಕಡಿಮೆ. ಗಿಡ ನೆಡುವ ಗುರಿಗಳು ಮಾತ್ರ ಏರುತ್ತಲೇ ಹೋಗುತ್ತವೆ. ಮಹಾರಾಷ್ಟ್ರದಲ್ಲೇ 2016ರಲ್ಲಿ 2 ಕೋಟಿ ಇದ್ದ ಗುರಿ 2019ಕ್ಕೆ 33 ಕೋಟಿಗೆ ಏರಿತು. ಇಷ್ಟು ಸಸಿಗೆ ಜಾಗ ಎಲ್ಲಿ? ಹೊಲದಲ್ಲಿ ನೆಡಲು ರೈತ ಬಿಡುವುದಿಲ್ಲ. ಕಾಡಿನಲ್ಲಿ ಆಗಲೇ ಮರ ಇದೆ. ಉಳಿದದ್ದು ಮಾಳ. ಗಿಡ ಬೆಳೆಸಿದವರಿಗೆ ಅಂಕ ಕೊಡುವ ಕೇಂದ್ರ ಸರ್ಕಾರದ ಗ್ರೀನ್ ಕ್ರೆಡಿಟ್ ಯೋಜನೆಗೆ 2024ರ ಫೆಬ್ರವರಿಯಲ್ಲಿ ಬಂದ ನಿಯಮದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂದಿತ್ತು. ಸವನ್ನಾದ ಒಂದು ಹೆಕ್ಟೇರಿನಲ್ಲಿ 1,100 ಮರ ನೆಟ್ಟರೆ ಅದು ಸವನ್ನಾ ಆಗಿ ಉಳಿಯುವುದಾದರೂ ಹೇಗೆ?

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನೆಟ್ಟರೆ ಏನಾಗುತ್ತದೆ?

ಮೊದಲು ಗುಂಡಿ. ಈ ಕಡೆ ಕಪ್ಪು ಬಂಡೆಯ ಮೇಲೆ ಮಣ್ಣು ತೆಳುವಾಗಿ ಕೂತಿದೆ. ಅಷ್ಟು ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ದೊಡ್ಡ ಯೋಜನೆಗಳಲ್ಲಿ ಜೆಸಿಬಿ ತಂದು ಇಳಿಜಾರಿಗೆ ಅಡ್ಡಲಾಗಿ ಉದ್ದುದ್ದ ಕಾಲುವೆ ತೋಡುತ್ತಾರೆ. ನೀರು ಇಂಗಲಿ ಎಂದು ಉದ್ದೇಶ. ಅಲ್ಲಿ ನೂರಾರು ವರ್ಷದಿಂದ ಇದ್ದ ಹುಲ್ಲಿನ ಬುಡಗಳು ಒಂದೇ ದಿನದಲ್ಲಿ ಮಗುಚಿ ಬೀಳುತ್ತವೆ. ಮುಂದಿನ ಮಳೆಗಾಲದಲ್ಲಿ ಅಲ್ಲಿ ಬರುವುದು ಕಳೆ.

ಆ ಬುಡಗಳ ಜೊತೆ ಇನ್ನೂ ಏನೇನೋ ಹೋಗುತ್ತದೆ. ಸವನ್ನಾದ ಗಿಡಗಳ ಮನೆಯ ಮುಕ್ಕಾಲು ಭಾಗ ನೆಲಮಾಳಿಗೆಯಲ್ಲಿರುತ್ತದೆ. ಎಂಟು ಒಂಬತ್ತು ತಿಂಗಳು ಗೆಡ್ಡೆಯಾಗಿ ಮಣ್ಣಿನೊಳಗೆ ಮಲಗಿರುತ್ತವೆ. ಮೊದಲ ಮಳೆ ಬಿದ್ದ ಮೇಲೆ ಚಿಗುರಿ, ಹೂ ಬಿಟ್ಟು, ಬೀಜ ಚೆಲ್ಲಿ ಮತ್ತೆ ಒಳಗೆ ಹೋಗುತ್ತವೆ. ಸೆರೊಪೇಜಿಯಾ ಎಂಬ ಗುಂಪಿನ ಗಿಡಗಳಿವೆ. ಪುಟ್ಟ ಕಂದೀಲಿನ ಆಕಾರದ ಹೂ. ನೊಣ ಒಳಗೆ ಹೋದರೆ ಕೂದಲು ಅಡ್ಡ ಬಂದು ಸ್ವಲ್ಪ ಹೊತ್ತು ಸಿಕ್ಕಿಹಾಕಿಕೊಳ್ಳುತ್ತದೆ. ಪರಾಗ ಮೈಗೆ ಹತ್ತಿದ ಮೇಲೆ ಬಿಡುಗಡೆ. ಈ ಗುಂಪಿನ ಹಲವು ಜಾತಿಗಳು ನಮ್ಮ ದಖ್ಖನ್ ಮತ್ತು ಸಹ್ಯಾದ್ರಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೆರ್ಲೇಕರ್ ಮತ್ತು ಸಂಗಡಿಗರು 2022ರಲ್ಲಿ ಲೆಕ್ಕ ಹಾಕಿದಂತೆ, ದಕ್ಷಿಣ ಪರ್ಯಾಯ ದ್ವೀಪದ ಸವನ್ನಾಗಳಿಗೇ ಸೀಮಿತವಾದ ಸಸ್ಯಗಳು 206. ಅವುಗಳಲ್ಲಿ ಹಲವನ್ನು ವಿಜ್ಞಾನ ಗುರುತಿಸಿ ಹೆಸರಿಟ್ಟದ್ದೇ ಈಚಿನ ದಶಕಗಳಲ್ಲಿ. ನೀವು ಮಾರ್ಚ್ ತಿಂಗಳಲ್ಲಿ ಹೋಗಿ ನೋಡಿದರೆ ಅಲ್ಲಿ ಒಣಹುಲ್ಲು, ಕಲ್ಲು ಬಿಟ್ಟು ಏನೂ ಕಾಣುವುದಿಲ್ಲ. 'ಬೋಳು' ಅನ್ನಿಸುವುದು ಅದಕ್ಕೇ.

ಆಮೇಲೆ ನೆರಳು. ಸಸಿ ಸತ್ತರೆ ಒಂದು ಲೆಕ್ಕಕ್ಕೆ ಪುಣ್ಯ. ಬದುಕಿದರೆ ನೆರಳು ಬೀಳುತ್ತದೆ, ಹುಲ್ಲು ಹೋಗುತ್ತದೆ. ಪುಣೆಯ ಸುತ್ತ ಅತಿ ಹೆಚ್ಚು ಬದುಕಿರುವುದು ಗ್ಲಿರಿಸಿಡಿಯಾ. ನಮ್ಮ ಕಡೆ ಗೊಬ್ಬರದ ಗಿಡ ಎನ್ನುತ್ತಾರಲ್ಲ, ಅದೇ. ಮಧ್ಯ ಅಮೆರಿಕದಿಂದ ಬಂದದ್ದು. ಬೇಗ ಬೆಳೆಯುತ್ತದೆ, ಬೇಗ ಹಸಿರು ಕಾಣಿಸುತ್ತದೆ. ಹಾಗಾಗಿ ಇಲಾಖೆಗಳಿಗೆ ಅಚ್ಚುಮೆಚ್ಚು. ಅದರ ಕೆಳಗೆ ನಿಂತು ನೆಲ ನೋಡಿ. ನಿಮಗೇ ಗೊತ್ತಾಗುತ್ತದೆ.

'ಆದರೂ ಮರ ಮಳೆ ತರುತ್ತದೆ, ಅಂತರ್ಜಲ ಏರಿಸುತ್ತದೆ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಲೋಣಾವಳದಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ. ಪುಣೆಯಲ್ಲಿ 700ರ ಆಸುಪಾಸು. ಬಾರಾಮತಿ ಕಡೆ ಇನ್ನೂ ಕಡಿಮೆ, 500ರ ಆಚೀಚೆ. ಘಟ್ಟ ಮೋಡವನ್ನು ಹಿಂಡಿಬಿಡುತ್ತದೆ. ಉಳಿದದ್ದು ಪೂರ್ವಕ್ಕೆ. ಸಾಸವಡದಲ್ಲಿ ಹತ್ತು ಸಾವಿರ ಸಸಿ ನೆಟ್ಟರೂ ಘಟ್ಟ ಪಕ್ಕಕ್ಕೆ ಸರಿಯುವುದಿಲ್ಲ. ನೀರಿನ ವಿಷಯ ಇನ್ನೂ ತಿರುಗುಮುರುಗು. ಹುಲ್ಲುಗಾವಲು, ಕುರುಚಲು ನೆಲಗಳಲ್ಲಿ ಮರ ಬೆಳೆಸಿದ ಜಗತ್ತಿನ ನಾನಾ ಕಡೆಯ ಮಾಹಿತಿ ಸೇರಿಸಿ 2005ರಲ್ಲಿ ರಾಬರ್ಟ್ ಜಾಕ್ಸನ್ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟರು. ಅಂಥಲ್ಲಿ ಹಳ್ಳಕೊಳ್ಳಗಳ ಹರಿವು ಸರಾಸರಿ ಶೇ. 52ರಷ್ಟು ಇಳಿದಿತ್ತು. ಶೇ. 13ರಷ್ಟು ಹಳ್ಳಗಳು ಕನಿಷ್ಠ ಒಂದು ವರ್ಷವಾದರೂ ಪೂರ್ತಿ ಬತ್ತಿದ್ದವು. ಮರ ನೀರು ಕುಡಿಯುತ್ತದೆ. ಮಳೆ ಸಾಕಷ್ಟಿರುವಲ್ಲಿ ಅದು ತೊಂದರೆಯಲ್ಲ. 500 ಮಿಲಿಮೀಟರಿನ ಊರಲ್ಲಿ ತೊಂದರೆಯೇ.

ಇಂಗಾಲದ ಮಾತೂ ಬರುತ್ತದೆ. ಮರ ಇಂಗಾಲವನ್ನು ಕಾಂಡದಲ್ಲಿ, ಕೊಂಬೆಯಲ್ಲಿ ಇಟ್ಟುಕೊಳ್ಳುತ್ತದೆ. ಹುಲ್ಲು ಹೆಚ್ಚಿನದನ್ನು ಬೇರಿಗೆ, ಮಣ್ಣಿಗೆ ಇಳಿಸುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಮರದ್ದು ಹೊಗೆಯಾಗಿ ಹೋಗುತ್ತದೆ, ಮಣ್ಣಿನದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಒಣನೆಲದಲ್ಲಿ ಯಾವುದು ಭದ್ರ ಎಂದು ನೀವೇ ಯೋಚಿಸಿ. ಬೆಂಕಿಯ ಬಗ್ಗೆ ಒಂದು ಮಾತು ಸೇರಿಸಿಬಿಡುತ್ತೇನೆ. ಸವನ್ನಾಕ್ಕೆ ಬೆಂಕಿ ಹೊಸದಲ್ಲ ಎಂದು ಓದಿ ಯಾರೂ ಕಡ್ಡಿ ಗೀರಲು ಹೋಗಬೇಡಿ. ಊರ ಅಂಚಿನಲ್ಲಿ ವರ್ಷವರ್ಷವೂ ಮೋಜಿಗೆ ಹಚ್ಚುವ ಬೆಂಕಿಯೇ ಬೇರೆ.

'ಹಾಳಾದರೆ ಮತ್ತೆ ಹುಲ್ಲು ಬೆಳೆಸಿದರಾಯಿತು' ಎನ್ನುವವರಿಗೆ 2020ರ ಇನ್ನೊಂದು ಅಧ್ಯಯನ ಇದೆ. ಇದನ್ನು ಮಾಡಿದವರು ನೆರ್ಲೇಕರ್ ಮತ್ತು ಜೋಸೆಫ್ ವೆಲ್ಡ್‌ಮನ್. ಒಮ್ಮೆ ನಾಶವಾದ ಹಳೆಯ ಹುಲ್ಲುಗಾವಲು ತನ್ನೆಲ್ಲ ಸಸ್ಯಗಳ ಸಮೇತ ಮರಳಿ ಬರಲು ಕಡಿಮೆಯೆಂದರೂ ಒಂದು ಶತಮಾನ ಬೇಕು, ಹಲವು ಕಡೆ ಸಾವಿರಾರು ವರ್ಷ ಬೇಕು ಎಂದು ಅವರು ಕಂಡುಕೊಂಡರು. ಹುಲ್ಲು ಬೇಗ ಬಂದೀತು. ಗೆಡ್ಡೆಯ ಗಿಡಗಳು ಬರುವುದಿಲ್ಲ.

ಇನ್ನು ಪ್ರಾಣಿಗಳು. ನೀವು ಹೋದ ಜಾಗದಿಂದ ಸ್ವಲ್ಪ ಪೂರ್ವಕ್ಕೆ, ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯವಿದೆ. 5 ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಲ್ಲಿ ಚಿಂಕಾರ ಎಂಬ ಹುಲ್ಲೆಗಳನ್ನು ಹತ್ತಿರದಿಂದ ನೋಡಬಹುದು. ಬಾಗಲಕೋಟೆಯ ಯಡಹಳ್ಳಿಯಲ್ಲಿ ನಾವು ಉಳಿಸಿಕೊಂಡಿರುವುದೂ ಇದೇ ಪ್ರಾಣಿಯನ್ನು. ಈ ಬಯಲುಗಳಲ್ಲಿ ತೋಳ, ಕತ್ತೆಕಿರುಬ, ನರಿ ಇವೆ. ನಮ್ಮ ತೋಳ ಜಗತ್ತಿನ ತೋಳಗಳಲ್ಲೇ ಬಹಳ ಹಳೆಯ ಕವಲು ಎಂದು 2021ರ ಜೀನೋಮ್ ಅಧ್ಯಯನ ತೋರಿಸಿತು. ದೇಶದಲ್ಲಿ ಇರುವುದು ಸುಮಾರು 3,100 ಎಂದು 2022ರ ಅಂದಾಜು. ಹುಲಿಗಳ ಸಂಖ್ಯೆಗಿಂತ ಕಡಿಮೆ. ಹುಲಿಗೆ ಸಿಗುವ ದುಡ್ಡು, ಕಾವಲು, ಫೋಟೋ ಯಾವುದೂ ತೋಳಕ್ಕಿಲ್ಲ. ಬಯಲು ಚೂರುಚೂರಾದಂತೆ ತೋಳ ಊರ ನಾಯಿಗಳ ಹತ್ತಿರ ಬರುತ್ತದೆ. ಪುಣೆ ಜಿಲ್ಲೆಯಲ್ಲಿ ನಾಯಿ ತೋಳಗಳ ಮಿಶ್ರತಳಿ ಇರುವುದು ಜೀನ್ ಪರೀಕ್ಷೆಯಿಂದ ಖಚಿತವಾಗಿದೆ. ಆ ವರದಿ ಬಂದದ್ದು 2023ರಲ್ಲಿ. ಸೊಲ್ಲಾಪುರದ ನಾನ್ನಜ್ ಬಳಿ 1979ರಲ್ಲೇ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿ ಅಭಯಾರಣ್ಯ ಮಾಡಿದ್ದರು. ಈಗ ಅಲ್ಲಿ ಆ ಹಕ್ಕಿ ಕಾಣಸಿಗುವುದೇ ಅಪರೂಪ. ಬಯಲು ಬೇಕಾದ ಹಕ್ಕಿಗೆ ಕಬ್ಬಿನ ಗದ್ದೆಯೂ ಆಗದು, ನೆಡುತೋಪೂ ಆಗದು.

ಹಾಗಾದರೆ ಎಲ್ಲಿ ನೆಡಬೇಕು? ಊರೊಳಗೆ ನೆಡಿ. ಬೇಸಿಗೆಯಲ್ಲಿ ವಾರ್ಜೆ, ಕೋಥ್ರೂಡ್, ಹಿಂಜವಡಿಯ ರಸ್ತೆಗಳಲ್ಲಿ ನಡೆದು ನೋಡಿ, ನೆರಳಿಗೆ ಎಷ್ಟು ಬರ ಎಂದು ಗೊತ್ತಾಗುತ್ತದೆ. ಶಾಲೆಯ ಅಂಗಳ, ಸೊಸೈಟಿಯ ಆವರಣ, ಬಸ್ ಸ್ಟಾಪಿನ ಹಿಂದಿನ ಜಾಗ. ಬೇವು, ಹೊಂಗೆ, ಅತ್ತಿ ನೆಟ್ಟು ಮೂರು ಬೇಸಿಗೆ ನೀರು ಹಾಕಿ. ಗುಡ್ಡಕ್ಕೆ ಹೋಗಿ ನೂರು ನೆಟ್ಟು ಸೆಲ್ಫಿ ತೆಗೆದುಕೊಂಡು ಬರುವುದಕ್ಕಿಂತ ಇದು ಕಷ್ಟ. ಸೊಸೈಟಿ ಸೆಕ್ರೆಟರಿಯನ್ನು ಒಪ್ಪಿಸುವುದು ಇನ್ನೂ ಕಷ್ಟ. ಪಶ್ಚಿಮಕ್ಕೆ ಮುಳಶಿ, ತಾಮ್ಹಿಣಿ ಕಡೆ ನಿಜವಾದ ಕಾಡು ಇತ್ತು, ಇದೆ. ಅಲ್ಲಿ ಕಡಿದುಹೋದ ಇಳಿಜಾರುಗಳಲ್ಲಿ ಸ್ಥಳೀಯ ಜಾತಿಗಳನ್ನು ಬೆಳೆಸುವವರ ಜೊತೆ ಕೈಜೋಡಿಸಬಹುದು. ಅಲ್ಲೂ ಗುಡ್ಡದ ನೆತ್ತಿಯ ಕಲ್ಲುಹಾಸುಗಳನ್ನು ಮುಟ್ಟಬೇಡಿ. ಅವುಗಳ ಲೋಕವೇ ಬೇರೆ.

ವೇತಾಳ ಟೇಕಡಿಯಂಥ ಊರೊಳಗಿನ ಗುಡ್ಡಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಮೆತ್ತಗಿದೆ. ಅವೂ ಮೂಲದಲ್ಲಿ ಹುಲ್ಲಿನ ಗುಡ್ಡಗಳೇ. ಆದರೆ ಅಲ್ಲಿ ಹಳೆಯ ನೆಡುತೋಪು ಬಂದು ದಶಕಗಳಾಗಿವೆ, ಸಾವಿರಾರು ಜನ ಬೆಳಿಗ್ಗೆ ನಡೆಯಲು ಬರುತ್ತಾರೆ. ರಸ್ತೆ, ಕಟ್ಟಡಗಳ ಬಾಯಿಗೆ ಬೀಳದೆ ಟೇಕಡಿ ಉಳಿದಿರುವುದೇ ದೊಡ್ಡ ಮಾತು. ಇನ್ನೂ ಹುಲ್ಲು ಉಳಿದಿರುವ ಭಾಗಗಳಲ್ಲಿ ಹೊಸ ಗುಂಡಿ ತೋಡದಿದ್ದರೆ ಸಾಕು.

ಒಂದು ಜಾಗ ಹಳೆಯ ಸವನ್ನಾ ಹೌದೋ ಅಲ್ಲವೋ ತಿಳಿಯಬೇಕಾದರೆ ಜುಲೈ, ಸೆಪ್ಟೆಂಬರ್, ಡಿಸೆಂಬರ್ ಹೀಗೆ ಬೇರೆ ಬೇರೆ ಕಾಲದಲ್ಲಿ ಹೋಗಿ. ಹುಲ್ಲು ಗುಂಪುಗುಂಪಾಗಿ, ಬುಡ ಗಟ್ಟಿಯಾಗಿ ಇದೆಯೇ ನೋಡಿ. ಚಳಿಗಾಲದಲ್ಲಿ ಕುಸಳ ಎಂಬ ಹುಲ್ಲಿನ ಮುಳ್ಳು ಸಾಕ್ಸಿಗೆ ಚುಚ್ಚಿಕೊಳ್ಳುತ್ತದೆಯೇ? ಮರಗಳು ಮುತ್ತುಗ, ಬಿಳಿಜಾಲಿ, ಕಗ್ಗಲಿ, ಬಾರೆಯಂಥವೇ? ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿವೆಯೇ? ಅಲ್ಲಿ ಮೇಯಿಸುವ ಧನಗರ ಅಜ್ಜನನ್ನು ಕೇಳಿ. ಪವನ್ಯಾ, ಮಾರ್ವೆಲ್, ಡೋಂಗರಿ ಎಂದು ಹುಲ್ಲಿನ ಹೆಸರುಗಳನ್ನು ಅವರು ಸರಾಗವಾಗಿ ಹೇಳಿದರೆ ಸಸಿಗಳನ್ನು ಮತ್ತೆ ಗಾಡಿಗೆ ಹೇರಿ.

ನಿಮ್ಮ ಗುಂಪಿಗೆ ಮಳೆಗಾಲದಲ್ಲಿ ಬಯಲಿಗೇ ಹೋಗಬೇಕೆಂಬ ಆಸೆ ಇದ್ದರೆ ಅಲ್ಲೂ ಬೇಕಾದಷ್ಟು ಕೆಲಸವಿದೆ. ಲಂಟಾನಾ, ಸುಬಾಬುಲ್, ಬಳ್ಳಾರಿ ಜಾಲಿ ಕೀಳುವವರಿಗೆ ಯಾವಾಗಲೂ ಜನ ಸಾಲುವುದಿಲ್ಲ. ಇಂದಾಪುರ ತಾಲೂಕಿನ ಕಡಬನವಾಡಿಯಂಥ ಕಡೆ ಹುಲ್ಲುಗಾವಲು ನೋಡಲೆಂದೇ ಜನ ಹೋಗುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿ, ಹಳ್ಳಿಯವರನ್ನೇ ಮಾರ್ಗದರ್ಶಿ ಮಾಡಿಕೊಳ್ಳಿ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಎಂದು ಸಾರಿದೆ. ಸುಮ್ನೆ ಬ್ಯಾನರಿಗೆ ಅಂತ ಬಿಡದೆ, ಅದನ್ನೇ ನೆಪ ಮಾಡಿಕೊಂಡು ಒಂದು ಗ್ರಾಮ ಪಂಚಾಯಿತಿಯ ಜೊತೆ ಮಾತಾಡಿ ನೋಡಿ.

ಈ ಸಲ ನೆಟ್ಟುಬಿಟ್ಟ ಸಸಿಗಳನ್ನು ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಗ್ಲಿರಿಸಿಡಿಯಾ, ಸುಬಾಬುಲ್ ಇದ್ದರೆ ಇನ್ನೂ ಬೇರು ಇಳಿಯುವ ಮುಂಚೆ ಕಿತ್ತುಬಿಡಿ. ಅರಳಿ, ಆಲ, ನೇರಳೆ ಇದ್ದರೆ ಬೇರಿನ ಸುತ್ತ ಮಣ್ಣಿನ ಸಮೇತ ಎಬ್ಬಿಸಿ ಊರೊಳಗೆ ತನ್ನಿ, ಮಳೆ ಇರುವಾಗ ಬದುಕುತ್ತವೆ. ಮುತ್ತುಗ, ಬಿಳಿಜಾಲಿಯಂಥವು ಅಲ್ಲೊಂದು ಇಲ್ಲೊಂದು ಇದ್ದರೆ ಹಾಗೇ ಬಿಡಿ. ಬೇಲಿ ಹಾಕಿದ್ದರೆ ತೆಗೆಯಿರಿ. ಗುಂಡಿಗಳನ್ನು ಅದೇ ಮಣ್ಣಿನಿಂದ ಮುಚ್ಚಿ, ಹೊರಗಿನ ಕೆಂಪುಮಣ್ಣು, ಗೊಬ್ಬರ ತಂದು ಸುರಿಯಬೇಡಿ. ಅದರ ಜೊತೆ ಕಳೆಯ ಬೀಜವೂ ಬರುತ್ತದೆ.